ಕಂಪ್ಯೂಟರಿಗೂ ಒಂದು ಸರದಿ

ಕಳೆದ ಬೇಸಿಗೆಯ ಒಂದು ಸಂಜೆ. ಕರೂರಿನ ನಮ್ಮ ಮನೆಯ ಪಡಸಾಲೆಯಲ್ಲಿರುವ ಹಳೆಯ ಕಂಪ್ಯೂಟರ್ ಇದ್ದಕ್ಕಿದ್ದಂತೆ ಕಲ್ಲಾಗಿ ಕುಳಿತಿತು. ಮೌಸ್ ಎಳೆದರೆ ಬಾಣ ಅಲುಗದು, ಕೀಲಿ ಒತ್ತಿದರೆ ಅಕ್ಷರ ಮೂಡದು. ಎದುರಿಗಿದ್ದವನು ಪಕ್ಕದ ಓಣಿಯ ಪಿಯುಸಿ ಹುಡುಗ. ಹತ್ತು ನಿಮಿಷ ಕಾದು, ಕೊನೆಗೆ ಸ್ವಿಚ್ಚನ್ನೇ ಆರಿಸಿದೆ. ಮಗಳು ಉಳಿಸದೆ ಬಿಟ್ಟಿದ್ದ ಪ್ರಾಜೆಕ್ಟ್ ವರದಿಯ ಮೂರು ಪುಟ ಹೋದವು. ಅವಳ ಕಣ್ಣಲ್ಲಿ ನೀರು.

"ನಾನೇನೂ ಕೆಡ್ಸಿಲ್ಲ ಸಾರ್" ಅಂದ ಹುಡುಗ. "ಇನ್ನು ಇದನ್ನ ಮುಟ್ಟಬೇಡ" ಎಂದು ಗದರಿ ಕಳಿಸಿದೆ. 'ಪ್ರಯೋಗ ಮಾಡಿ, ಪ್ರಶ್ನೆ ಕೇಳಿ' ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳುತ್ತ ಬಂದ ವಿಜ್ಞಾನದ ಮೇಷ್ಟ್ರು ನಾನು!

ವಾರ ಕಳೆದರೂ ಅವನು ಬರಲಿಲ್ಲ. ಅವನು ಮಾಡಿದ್ದೇನೆಂದು ಮಗಳೇ ಕೂರಿಸಿಕೊಂಡು ಹೇಳಿದಳು. ಒಂದು ಲಕ್ಷದೊಳಗಿನ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಪ್ರತಿ ಸಂಖ್ಯೆಗೂ ಒಂದೊಂದು ಥ್ರೆಡ್ ಹುಟ್ಟಿಸಿದ್ದನಂತೆ. ಥ್ರೆಡ್ ಎಂದರೆ ಪ್ರೋಗ್ರಾಮಿನೊಳಗೆ ತಾನೇ ಸಾಗುವ ಕೆಲಸದ ಒಂದು ಎಳೆ. ಪ್ರೊಸೆಸರ್ ಒಂದೊಂದು ಎಳೆಗೂ ಕೆಲವೇ ಮಿಲಿಸೆಕೆಂಡುಗಳ ಸರದಿ ಕೊಡುತ್ತ ಸುತ್ತುತ್ತದೆ.

ಸರದಿಯ ವಿಷಯ ತುಂಗಭದ್ರಾ ಕಾಲುವೆಯ ಸಿರುಗುಪ್ಪ ಸೀಮೆಯವರಿಗೆ ಹೇಳಿಕೊಡಬೇಕೆ? ಪೈಪಿಗೊಂದು ತಾಸು ಎಂದು ನೀರು ಹಂಚಿದಿರಿ ಅನ್ನಿ. ಒಬ್ಬ ತೊಂಬತ್ತೊಂಬತ್ತು ಪೈಪು ತಂದು ಹಾಕುತ್ತಾನೆ. ಒಂದೇ ಪೈಪಿನವನಿಗೆ ನೂರು ತಾಸಿಗೊಮ್ಮೆ ನೀರು! ಪೈಪು ಬಿಟ್ಟು ಮನೆಯನ್ನು ಲೆಕ್ಕಕ್ಕೆ ಹಿಡಿದರೆ ಇಬ್ಬರಿಗೂ ಅರ್ಧರ್ಧ. 2010ರಲ್ಲಿ ಮೈಕ್ ಗಾಲ್‌ಬ್ರೈತ್ ಎಂಬವರು ಲಿನಕ್ಸ್‌ಗೆ ಬರೆದ ಸುಮಾರು ಇನ್ನೂರು ಸಾಲುಗಳ ತಿದ್ದುಪಡಿ ಮಾಡಿದ್ದು ಇದನ್ನೇ. ಒಂದು ಟರ್ಮಿನಲ್‌ನಿಂದ ಹೊರಟ ಕೆಲಸಗಳೆಲ್ಲ ಒಂದು ಮನೆ. ಲಿನಸ್ ಟೋರ್ವಾಲ್ಡ್ಸ್ ಮೆಚ್ಚಿದರು. 2011ರ ಮಾರ್ಚಿನ 2.6.38 ಆವೃತ್ತಿಗೆ ಅದು ಸೇರಿತು. ಇದಕ್ಕೂ ಮೊದಲು, 2007ರಲ್ಲಿ, ಸರದಿ ನ್ಯಾಯವಾಗಿರಬೇಕೆಂದು ಹಟ ಹಿಡಿದು ಪ್ರೋಗ್ರಾಂ ಬರೆದ ಕಾನ್ ಕೊಲಿವಾಸ್ ವೃತ್ತಿಯಲ್ಲಿ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯರು. ಸೈನ್ಸ್ ತಗೊಂಡ್ರೆ ಇಂಥದ್ದೇ ಓದಬೇಕು ಎನ್ನುವ ಪೋಷಕರು ಇದನ್ನೊಮ್ಮೆ ಗಮನಿಸಲಿ.

ನಮ್ಮದೂ ಲಿನಕ್ಸೇ. ಮತ್ತೇಕೆ ನಿಂತಿತು? ಆ ತಿದ್ದುಪಡಿ ಹಂಚುವುದು ಸರದಿಯನ್ನು, ಮೆಮೊರಿಯನ್ನಲ್ಲ. ಹುಡುಗ ಪ್ರತಿ ಥ್ರೆಡ್ಡಿಗೂ ಸಂಖ್ಯೆಗಳ ದೊಡ್ಡ ಪಟ್ಟಿಯೊಂದನ್ನು ಕಟ್ಟಿದ್ದ. ಲಕ್ಷ ಮುಟ್ಟುವ ಮೊದಲೇ ಮೆಮೊರಿ ತುಂಬಿ, ಯಂತ್ರ ಹಾರ್ಡ್ ಡಿಸ್ಕಿಗೆ ಸಾಮಾನು ಸಾಗಿಸತೊಡಗಿತು. ಮೆಮೊರಿಯ ಮುಂದೆ ಡಿಸ್ಕು ಕುದುರೆಯ ಮುಂದೆ ಆಮೆ. ಮೌಸಿನ ಬಾಣವೂ ಆ ಆಮೆಯನ್ನೇ ಕಾಯಬೇಕಾಯಿತು.

ಥ್ರೆಡ್ಡುಗಳ ಸಂಖ್ಯೆಗೆ ಮಿತಿ ಹಾಕಲು 'ಯುಲಿಮಿಟ್' ಎಂಬ ಆಜ್ಞೆಯಿದೆ. ಆದರೆ ಅದು ಬಳಕೆದಾರನ ಎಲ್ಲ ಥ್ರೆಡ್ಡುಗಳನ್ನೂ ಎಣಿಸುತ್ತದೆ. ತೀರಾ ಬಿಗಿ ಮಾಡಿದರೆ ಬ್ರೌಸರೂ ತೆರೆಯದು. ಅದಕ್ಕಿಂತ ಒಳ್ಳೆಯದು, ನಾಲ್ಕೇ ಆಳುಗಳನ್ನಿಟ್ಟು, ಒಂದು ಸಂಖ್ಯೆ ಮುಗಿದ ಮೇಲೆ ಮುಂದಿನದನ್ನು ಕೈಗೆ ಕೊಡುವುದು. ನಾಟಿಗೆ ಗದ್ದೆಯಲ್ಲಿ ಹಿಡಿಸುವಷ್ಟೇ ಆಳು ಕರೆಯುತ್ತೇವಲ್ಲ, ಹಾಗೆ.

ಮರುದಿನ ನಾನೇ ಅವನ ಮನೆಗೆ ಹೋದೆ. "ತಪ್ಪು ನಂದಪ್ಪ, ಬಾ" ಎಂದೆ. ಅವನ ತಾಯಿ, "ಅಯ್ಯೋ ಬಿಡ್ರಿ ಸಾರ್, ಬೈದ್ರೇನಾಯ್ತು" ಎಂದು ಚಹಾ ಕೊಟ್ಟರು. ಹುಡುಗ ಮಾತ್ರ ನೆಲ ನೋಡುತ್ತ ನಿಂತಿದ್ದ. ಸಂಜೆ ಬಂದ. ನಾಲ್ಕು ಥ್ರೆಡ್ಡಿಗೆ ಇಳಿಸಿ ಬರೆದ ಪ್ರೋಗ್ರಾಂ ಕಣ್ಣು ಮಿಟುಕಿಸುವುದರೊಳಗೆ 9592 ಎಂದಿತು. "ಹತ್ತು ಕೋಟಿವರೆಗೆ ಹುಡುಕ್ಲಾ ಸಾರ್?" ಎಂದು ಮೆಲ್ಲಗೆ ಕೇಳಿದ. ಮಗಳ ಕಡೆ ನೋಡಿದೆ. ಅವಳು ವರದಿಯನ್ನು ಮೊದಲು ಉಳಿಸಿಕೊಂಡು, ಹೂಂ ಎಂದಳು. ಅದು ಓಡುತ್ತಿರುವಾಗಲೇ ಇನ್ನೊಂದು ವಿಂಡೋದಲ್ಲಿ ಅವಳ ಅಕ್ಷರಗಳು ತಡವರಿಸದೆ ಮೂಡುತ್ತಿದ್ದವು. ಅರ್ಧ ಪುಟ ಮುಗಿಯುವ ಹೊತ್ತಿಗೆ ಉತ್ತರ ಬಂತು: 57,61,455.