ತಾವೇ ಮಾಡಿಕೊಂಡ ಭಾಷೆ

ಅಲಂಕಾರಶಾಸ್ತ್ರವನ್ನು ಕುರಿತು ಬರೆಯಬೇಕಾದ ಮುದುಕನು ಅಮೆರಿಕಾದ ಗ್ಲಾಮ್ ರಾಕ್ ಗಾಯಕರ ವಿಷಯವನ್ನು ಎತ್ತಿಕೊಂಡನೆಂದು ವಾಚಕಮಹಾಶಯರು ನಗಬಾರದು. ಗಿಟಾರು ಕಲಿಯುತ್ತಿರುವ ನನ್ನ ದೌಹಿತ್ರನು ಬೇಸಗೆಯ ರಜೆಯಲ್ಲಿ ಬಂದಿದ್ದಾಗ, "ತಾತ, ಇವರು ತಮಗೆಂದು ಒಂದು ಭಾಷೆಯನ್ನೇ ಮಾಡಿಕೊಂಡಿದ್ದರು" ಎಂದನು. ಆ ಮಾತು ನನ್ನನ್ನು ಹಿಡಿದು ಕೂರಿಸಿತು.

ಗ್ಲಾಮ್ ರಾಕ್ ಎಂಬುದು 1970ರ ಆಚೀಚೆ ಇಂಗ್ಲೆಂಡಿನಲ್ಲಿ ಹುಟ್ಟಿದ ಗಾನಪದ್ಧತಿ. ಮಾರ್ಕ್ ಬೋಲನ್, ಡೇವಿಡ್ ಬೋವಿ ಮೊದಲಾದವರು ಅದರ ಪ್ರಮುಖರು. ಗಂಡಸರು ಮುಖಕ್ಕೆ ಬಣ್ಣ ಬಳಿದು, ಮಿನುಗುವ ಉಡುಪು ತೊಟ್ಟು, ಎತ್ತರದ ಪಾದರಕ್ಷೆ ಮೆಟ್ಟಿ ಹಾಡುತ್ತಿದ್ದರು. ವೇಷವು ಆಟ ಮುಗಿದೊಡನೆ ಕಳಚಿಡತಕ್ಕದ್ದೆಂಬುದು ಲೋಕರೂಢಿಯಷ್ಟೆ. ಲಾಸ್ ಏಂಜಲೀಸಿನಲ್ಲಿ 1973ರಲ್ಲಿ ಕೂಡಿದ ಝೋಲಾರ್ ಎಕ್ಸ್ ಎಂಬ ತಂಡದವರು ಅದನ್ನು ಒಪ್ಪಲಿಲ್ಲ. ಇಗಾರ್ ಇಗಾರಿಸ್ಟ್, ಝೋರಿ ಝೆನಿತ್ ಎಂದು ಹೆಸರಿಟ್ಟುಕೊಂಡು, ಚೂಪಾದ ಕಿವಿಗಳನ್ನು ಅಂಟಿಸಿಕೊಂಡು, ಅನ್ಯಗ್ರಹದಿಂದ ಇಳಿದವರಂತೆ ಬೀದಿಯಲ್ಲಿಯೂ ಹಾಗೆಯೇ ನಡೆಯುತ್ತಿದ್ದರು. ಜನರ ನಡುವೆ ತಮ್ಮ ಕಲ್ಪಿತ ಭಾಷೆಯನ್ನೇ ಆಡುತ್ತಿದ್ದರು. ಶಬ್ದಗಳನ್ನು ಮಡಕೆಯಂತೆ ಮಾಡಿಸಿಕೊಳ್ಳಲಾಗದೆಂಬ ಮಹಾಭಾಷ್ಯದ ವಿಚಾರವನ್ನು ಅವರು ಕೇಳಿದ್ದಿಲ್ಲ!

ಅವರಿಗೆ ಆಶ್ರಯವಿತ್ತದ್ದು ಸನ್‌ಸೆಟ್ ಬೀದಿಯ "ರಾಡ್ನೀಸ್ ಇಂಗ್ಲಿಷ್ ಡಿಸ್ಕೊ" ಎಂಬ ನೃತ್ಯಶಾಲೆ. ಅದು 1975ರಲ್ಲಿ ಮುಚ್ಚಿತು. ಗ್ಲಾಮಿನ ಕಾಲವೂ ಹೋಯಿತು. ತಂಡವು ಬಾಳಿದಷ್ಟು ದಿನವೂ ಯಾವ ದೊಡ್ಡ ಸಂಸ್ಥೆಯೂ ಅವರ ಹಾಡುಗಳನ್ನು ಮುದ್ರಿಸಲಿಲ್ಲ. "ಟೈಮ್‌ಲೆಸ್" ಎಂಬ ಧ್ವನಿಮುದ್ರಿಕೆಯು 1982ರಲ್ಲಿ ಹೊರಬಂದಾಗ ತಂಡವೇ ಒಡೆದಿತ್ತು. ಆಲ್ಟರ್ನೇಟಿವ್ ಟೆಂಟಕಲ್ಸ್ ಎಂಬ ಸಂಸ್ಥೆಯು 2004ರಲ್ಲಿ ಆ ಹಾಡುಗಳನ್ನು ಪುನಃ ಪ್ರಕಟಿಸಿದ ಮೇಲೆ ಕೆಲವರು ಅವರನ್ನು ಹುಡುಕಿಕೊಂಡು ಕೇಳತೊಡಗಿದರು. ನಾನೂ ಕೇಳಿದೆನು. ಗದ್ದಲವು ನನ್ನ ಕಿವಿಗೆ ಹೆಚ್ಚೇ ಆಯಿತೆಂಬುದನ್ನು ಮರೆಮಾಚಲಾರೆನು.

ಪಾಠಶಾಲೆಯಲ್ಲಿದ್ದಾಗ ನಾನೂ ನನ್ನ ಸಹಾಧ್ಯಾಯಿಯೊಬ್ಬನೂ ಸಂಸ್ಕೃತವನ್ನಲ್ಲದೆ ಬೇರೆ ಆಡೆವೆಂದು ವ್ರತ ತೊಟ್ಟಿದ್ದೆವು. ಅಂಗಡಿಯಲ್ಲಿ "ಗುಡಂ ದೇಹಿ" ಎಂದರೆ ಶೆಟ್ಟರು ನಗುತ್ತ ಬೆಲ್ಲ ಕೊಡುತ್ತಿದ್ದರು. ಕೋಶದಲ್ಲಿಲ್ಲದ ಪದಗಳನ್ನು ನಾವೇ ಕಟ್ಟುತ್ತಿದ್ದೆವು. ಬಸ್ಸಿನ ಹಾರ್ನಿಗೆ ಅವನಿಟ್ಟ ಹೆಸರು "ಗರ್ದಭಶಂಖ." ವ್ಯಾಕರಣದಲ್ಲಿ ತಪ್ಪಿಲ್ಲ, ಷಷ್ಠೀತತ್ಪುರುಷ.

ವ್ರತವನ್ನು ಮೊದಲು ಮುರಿದವನು ನಾನು. ಉಪಾಧ್ಯಾಯನಾದ ಮೊದಲ ವರ್ಷ, ಹೊಸ ಸಹೋದ್ಯೋಗಿಗಳ ಎದುರಿಗೆ ಅವನು ಸಂಸ್ಕೃತದಲ್ಲಿ ಕುಶಲ ಕೇಳಿದಾಗ, ನಾಚಿಕೆಯಿಂದ ಕನ್ನಡದಲ್ಲಿ ಉತ್ತರ ಕೊಟ್ಟೆನು. ಅವನು ಒಂದು ಗಳಿಗೆ ಸುಮ್ಮನಿದ್ದು ತಾನೂ ಕನ್ನಡಕ್ಕೆ ತಿರುಗಿದನು. ಮುಂದೆ ಕಾಗದಗಳನ್ನು ಮಾತ್ರ ಸಂಸ್ಕೃತದಲ್ಲಿಯೇ ಬರೆಯುತ್ತಿದ್ದನು. ನಾನು ಕನ್ನಡದಲ್ಲಿ ಬರೆಯುತ್ತಿದ್ದೆನು. ಮೂರು ವರ್ಷದ ಹಿಂದೆ ತೀರಿಕೊಂಡನು. ನಾವು ಕಟ್ಟಿದ ಪದಗಳಲ್ಲಿ ಮೂವತ್ತೋ ನಲವತ್ತೋ ನನಗೆ ನೆನಪಿವೆ. ಉಳಿದವು ಅವನೊಂದಿಗೆ ಹೋದವು.

ಮೊಮ್ಮಗನನ್ನು ಊರಿಗೆ ಕಳುಹಿಸಲು ನಿಲ್ದಾಣದಲ್ಲಿ ನಿಂತಿದ್ದೆನು. ಬಸ್ಸು ಕೂಗಿತು. "ಗರ್ದಭಶಂಖಃ" ಎಂದೆನು. ಹಾಗೆಂದರೇನೆಂದು ಅವನು ಕೇಳಿದನು. ಬಸ್ಸು ಹೊರಡುವುದರೊಳಗೆ ಸಮಾಸವನ್ನು ಬಿಡಿಸಿ ಹೇಳಿದೆನು.