ಅಪ್ಪನ ಉದ್ರಿ ಪುಸ್ತಕ ಮತ್ತು ನನ್ನ ಮೂರು ಟೇಬಲ್‌ಗಳು

ಮೊನ್ನೆ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ನನ್ನ ಡೇಟಾಬೇಸ್ ಡಿಸೈನ್ ನೋಡಿ ತಲೆ ಕೆರೆದುಕೊಂಡ. "ಸಾರ್, (ಸಾರ್ ಅನ್ನಬೇಡ ಅಂದರೂ ಕೇಳುವುದಿಲ್ಲ) ಸಾಮಾನಿನ ಟೇಬಲ್ಲಿನಲ್ಲೂ ಬೆಲೆ ಇದೆ, ಆರ್ಡರ್ ಟೇಬಲ್ಲಿನಲ್ಲೂ ಬೆಲೆ ಇದೆ. ನಾರ್ಮಲೈಸ್ ಮಾಡೋದು ಮರೆತಿದ್ದೀರಾ?"

"ಮರೆತಿಲ್ಲಪ್ಪಾ, ಒಂದು ಸಲ ಮಾಡಿ ನಮ್ಮಪ್ಪನ ಮರ್ಯಾದೆ ಕಳೆದಿದ್ದೆ" ಅಂದೆ. ನಕ್ಕ. ಜೋಕು ಅಂದುಕೊಂಡ. ಅವನಿಗೆ ಪೂರ್ತಿ ಹೇಳಲು ಪುರುಸೊತ್ತು ಇರಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸಾಗರದ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ಚಿಕ್ಕ ದಿನಸಿ ಅಂಗಡಿ. ಊರಿನಲ್ಲಿ ಮುಕ್ಕಾಲು ಪಾಲು ವ್ಯಾಪಾರ ಉದ್ರಿ. ಅಡಿಕೆ ಮಾರಿ ದುಡ್ಡು ಕೈಗೆ ಬಂದಾಗ ಎಲ್ಲರೂ ಒಟ್ಟಿಗೆ ಲೆಕ್ಕ ಚುಕ್ತಾ ಮಾಡುತ್ತಾರೆ. ಅಲ್ಲಿಯವರೆಗೆ ಅಪ್ಪನ ಉದ್ದನೆಯ ಪುಸ್ತಕವೇ ಆಧಾರ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. ತಾರೀಖು, ಸಾಮಾನು, ಎಷ್ಟು, ದರ, ಮೊತ್ತ. ಅಷ್ಟೇ.

2020ರ ಲಾಕ್‌ಡೌನ್‌ನಲ್ಲಿ ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಹೋದೆ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಇಂಜಿನಿಯರಿಂಗ್ ಮುಗಿಸಿದ ಹೊಸತರ ಹುಮ್ಮಸ್ಸು ಗೊತ್ತಲ್ಲ, ಕಂಡದ್ದನ್ನೆಲ್ಲ ಆಟೋಮೇಟ್ ಮಾಡಬೇಕು! "ಅಪ್ಪಾ, ಈ ಪುಸ್ತಕ ಬಿಡು, ನಾನೊಂದು ಪ್ರೋಗ್ರಾಂ ಮಾಡಿಕೊಡ್ತೀನಿ" ಅಂದೆ. ಅಪ್ಪ ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

ಮೊದಲು ಎಲ್ಲವನ್ನೂ ಒಂದೇ ಎಕ್ಸೆಲ್ ಹಾಳೆಯಲ್ಲಿ ತುಂಬಿದೆ. ಪ್ರತಿ ಸಾಲಿನಲ್ಲೂ ಗಿರಾಕಿಯ ಹೆಸರು, ಫೋನ್ ನಂಬರು, ಸಾಮಾನು, ದರ... ಎರಡೇ ವಾರದಲ್ಲಿ ಗೋಳು ಶುರುವಾಯಿತು. ಒಬ್ಬರದೇ ಹೆಸರು ಮೂರು ಥರದ ಸ್ಪೆಲ್ಲಿಂಗಿನಲ್ಲಿ ಸೇರಿಕೊಂಡು ಮೂವರಾಗಿಬಿಟ್ಟರು. ಒಬ್ಬರು ಫೋನ್ ನಂಬರು ಬದಲಿಸಿದರು. ಅವರಿದ್ದ ಅಷ್ಟೂ ಸಾಲುಗಳಲ್ಲಿ ತಿದ್ದಬೇಕು, ಒಂದು ಬಿಟ್ಟುಹೋದರೂ ಯಾವ ನಂಬರು ನಿಜ ಅಂತ ಗೊತ್ತಾಗುವುದಿಲ್ಲ. ಇನ್ನೊಬ್ಬರು ಬಾಕಿ ತೀರಿಸಿದರು ಅಂತ ಅವರ ಸಾಲುಗಳನ್ನು ಅಳಿಸಿದೆ, ಜೊತೆಗೆ ಅವರ ಫೋನ್ ನಂಬರೂ ಹೋಯಿತು.

ಕಾಲೇಜಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಅಪ್‌ಡೇಟ್ ಅನಾಮಲಿ, ಡಿಲೀಷನ್ ಅನಾಮಲಿ ಅಂದರೆ ಏನು ಅಂತ ಅರ್ಥವಾದದ್ದು ನಮ್ಮ ಅಂಗಡಿಯ ಅಕ್ಕಿ ಮೂಟೆಯ ಮೇಲೆ ಕೂತಾಗ :-)

ಇದಕ್ಕೆ ಮದ್ದು ಟೇಬಲ್ ಒಡೆಯುವುದು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಅನ್ನುವವರು 1970ರಲ್ಲಿ ರಿಲೇಶನಲ್ ಮಾಡೆಲ್ ಬಗ್ಗೆ ಬರೆದ ಪ್ರಬಂಧದಲ್ಲೇ ನಾರ್ಮಲೈಸೇಶನ್ ಮಾತು ಬರುತ್ತದೆ. ಎರಡನೇ, ಮೂರನೇ ನಾರ್ಮಲ್ ಫಾರ್ಮ್‌ಗಳನ್ನು ಆಮೇಲೆ ಸೇರಿಸಿದರು. ಡಿಸ್ಕಿನಲ್ಲಿ ಜಾಗ ಉಳಿಸಲು ಇದನ್ನು ಮಾಡುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಜಾಗವೂ ಉಳಿಯಬಹುದು, ಆದರೆ ಮುಖ್ಯ ವಿಷಯ ಅದಲ್ಲ. ಒಂದು ಸತ್ಯವನ್ನು ಒಂದೇ ಕಡೆ ಬರೆದಿಟ್ಟರೆ ಅದು ತನ್ನ ಜೊತೆಗೇ ಜಗಳಕ್ಕೆ ಬೀಳುವುದಿಲ್ಲ, ಅದೇ ಇದರ ತಿರುಳು.

ಸರಿ, ನಾನೂ ಒಡೆದೆ. ಗಿರಾಕಿ, ಸಾಮಾನು, ವ್ಯವಹಾರ ಅಂತ ಮೂರು ಟೇಬಲ್. ಫೋನ್ ನಂಬರು ಗಿರಾಕಿಯ ಟೇಬಲ್ಲಿಗೆ ಹೋಯಿತು. ದರ? ಬೆಲ್ಲದ ದರ ಬೆಲ್ಲಕ್ಕೆ ಸೇರಿದ್ದು, ಯಾರು ಯಾವತ್ತು ಒಯ್ದರು ಅನ್ನುವುದಕ್ಕೂ ಅದಕ್ಕೂ ಏನು ಸಂಬಂಧ? ಸಾಮಾನಿನ ಟೇಬಲ್ಲಿಗೆ ಹಾಕಿದೆ. ವ್ಯವಹಾರದಲ್ಲಿ ಉಳಿದದ್ದು ಯಾರು, ಯಾವತ್ತು, ಏನು, ಎಷ್ಟು ಮಾತ್ರ. ನೋಡಲು ಎಷ್ಟು ಚೆಂದ ಇತ್ತು ಅಂದರೆ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆಲ್ಲ ಕಳಿಸಿದ್ದೆ.

ಪುಸ್ತಕದಿಂದ ತುಂಬಿಸುವಾಗ ಒಂದು ವಿಚಿತ್ರ ಕಂಡಿತ್ತು. ಒಂದೇ ದಿನ, ಒಂದೇ ಬೆಲ್ಲ. ಒಂದು ಪುಟದಲ್ಲಿ ಕೇಜಿಗೆ 50, ಇನ್ನೊಂದರಲ್ಲಿ 44. ಅಪ್ಪ ಅವಸರದಲ್ಲಿ ತಪ್ಪು ಬರೆದಿರಬೇಕು ಅಂದುಕೊಂಡೆ. ಹೇಗೂ ಪ್ರೋಗ್ರಾಂ ದರವನ್ನು ತಾನೇ ಹಾಕಿಕೊಳ್ಳುತ್ತಿತ್ತಲ್ಲ, ತಪ್ಪು ತಾನಾಗಿಯೇ ಸರಿಹೋಯಿತು ಅಂತ ಖುಷಿಯೂ ಆಯಿತು.

2021ರ ಮಾರ್ಚ್. ಅಡುಗೆ ಎಣ್ಣೆ ಬೆಲೆ ಏರುತ್ತಿದ್ದ ಕಾಲ, ನಿಮಗೂ ನೆನಪಿರಬಹುದು. ನಮ್ಮಂಗಡಿಯಲ್ಲಿ ಮಳೆಗಾಲದಲ್ಲಿ ಲೀಟರಿಗೆ 120 ಇದ್ದದ್ದು 160 ಆಗಿತ್ತು. ನಾನು ಸಾಮಾನಿನ ಟೇಬಲ್ಲಿನಲ್ಲಿ ಒಂದೇ ಒಂದು ಕಡೆ ತಿದ್ದಿದೆ. ಒಂದೇ ಕಡೆ! ನಾರ್ಮಲೈಸೇಶನ್‌ನ ಮಹಿಮೆ.

ಅದೇ ವಾರ ತೋಟದಾಚೆ ಮನೆಯ ಅಜ್ಜ ಲೆಕ್ಕ ಚುಕ್ತಾ ಮಾಡಲು ಬಂದರು. ನಾನು ಗತ್ತಿನಿಂದ ಕಂಪ್ಯೂಟರ್ ನೋಡಿ "4,960" ಅಂದೆ. ಅಜ್ಜ ಬೆರಳು ಮಡಚಿ ಮತ್ತೊಮ್ಮೆ ಲೆಕ್ಕ ಹಾಕಿದರು. ನನ್ನ ಕಡೆ ನೋಡಲೇ ಇಲ್ಲ. ಅಪ್ಪನಿಗೆ ಹೇಳಿದರು, "ಏನಪ್ಪಾ, ಮಗನ ಕಂಪ್ಯೂಟರು ಬಡ್ಡಿ ಹಾಕೋದನ್ನೂ ಕಲ್ತಿದೆಯಾ?"

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅಪ್ಪ ಅಷ್ಟು ವರ್ಷದಲ್ಲಿ ಯಾರ ಹತ್ತಿರವೂ ಒಂದು ಪೈಸೆ ಬಡ್ಡಿ ತಗೊಂಡವರಲ್ಲ. ಏನೂ ಮಾತಾಡದೆ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಉದ್ದನೆಯ ಪುಸ್ತಕ ತೆಗೆದರು. ನಾನು ಪ್ರೋಗ್ರಾಂ ಮಾಡಿಕೊಟ್ಟ ಮೇಲೂ ದಿನಾ ಬರೆಯುತ್ತಲೇ ಇದ್ದರಂತೆ! ಅದರಲ್ಲಿ 4,640 ಇತ್ತು. ವ್ಯತ್ಯಾಸ 320. ಅಜ್ಜ ಮಳೆಗಾಲದಲ್ಲಿ ಒಯ್ದಿದ್ದ 8 ಲೀಟರ್ ಎಣ್ಣೆ, ಲೀಟರಿಗೆ 40ರಂತೆ. ಅಜ್ಜ ದುಡ್ಡು ಎಣಿಸಿಕೊಟ್ಟು ಹೋದರು. ಅದಕ್ಕೂ ಮೊದಲು ಚುಕ್ತಾ ಮಾಡಿ ಹೋದ ಇಬ್ಬರ ಮನೆಗೆ ಅವತ್ತು ಸಂಜೆ ಅಪ್ಪ ತಾವೇ ನಡೆದುಕೊಂಡು ಹೋಗಿ ಹೆಚ್ಚಿಗೆ ತಗೊಂಡ ದುಡ್ಡು ವಾಪಸ್ ಕೊಟ್ಟು ಬಂದರು. ನಾನೂ ಬರ್ತೀನಿ ಅಂದೆ. ಬೇಡ ಅಂದರು.

ರಾತ್ರಿ ಊಟದ ಹೊತ್ತಿಗೆ ಇಷ್ಟೇ ಹೇಳಿದ್ದು: "ಅದು ಅವತ್ತಿನ ರೇಟು ಮಾರಾಯ. ಇವತ್ತಿನ ರೇಟನ್ನ ಅವತ್ತಿಗೆ ಹೆಂಗೆ ಹಾಕ್ತೀಯ?"

ಆಮೇಲೆ ಕೂತು ಯೋಚಿಸಿದೆ. ದರ ಎರಡು ಕಡೆ ಇರಬಾರದು ಅಂತ ಒಡೆದಿದ್ದೆ. ಆದರೆ ಅದು ಒಂದು ಸತ್ಯವಾಗಿರಲೇ ಇಲ್ಲ, ಎರಡು. 'ಎಣ್ಣೆಗೆ ಇವತ್ತು ಎಷ್ಟು' ಅನ್ನುವುದು ಒಂದು. 'ಇವರಿಗೆ ಅವತ್ತು ಎಷ್ಟಕ್ಕೆ ಕೊಟ್ಟೆ' ಅನ್ನುವುದು ಇನ್ನೊಂದು. ಮೊದಲನೆಯದು ಬದಲಾಗುತ್ತಿರುತ್ತದೆ, ಎರಡನೆಯದು ಯಾವತ್ತೂ ಬದಲಾಗುವುದಿಲ್ಲ. ಬರೆದ ದಿನ ಎರಡೂ ಒಂದೇ ಅಂಕಿ, ಅದಕ್ಕೇ ನಾನು ಮೋಸ ಹೋದದ್ದು. ಎರಡನೇ ನಾರ್ಮಲ್ ಫಾರ್ಮ್ ಹೇಳುವುದೂ ಇದನ್ನೇ: ಕೀಲಿಯ ಒಂದು ತುಂಡನ್ನು ಮಾತ್ರ ಅವಲಂಬಿಸಿದ್ದನ್ನು ಬೇರೆ ಟೇಬಲ್ಲಿಗೆ ಸಾಗಿಸು. ಯಾರು, ಯಾವತ್ತು, ಏನು ಅನ್ನುವ ಕೀಲಿಯಲ್ಲಿ ದರ ಬರೀ 'ಏನು' ಮೇಲೆ ನಿಂತಿದೆ ಅಂದುಕೊಂಡಿದ್ದೆ. 'ಯಾವತ್ತು' ಅನ್ನುವುದೂ ಬೇಕಿತ್ತು.

ಆಗ 44 ರೂಪಾಯಿಯ ಬೆಲ್ಲ ನೆನಪಾಯಿತು. ಕೂಲಿಗೆ ಹೋಗುವ ಹೆಂಗಸೊಬ್ಬರ ಪುಟ ಅದು. ಅಪ್ಪನನ್ನು ಕೇಳಿದೆ. "ಅವ್ರ ಮನೇಲಿ ಸಣ್ಣ ಮಕ್ಕಳಿದಾವೆ" ಅಂದರು. ಅಂದರೆ 'ಯಾರು' ಅನ್ನುವುದೂ ಬೇಕು. ದರ ನಿಂತಿದ್ದದ್ದು ಇಡೀ ಕೀಲಿಯ ಮೇಲೆ.

ಟೇಬಲ್ ಒಡೆಯುವುದಕ್ಕೆ ಇನ್ನೊಂದು ನಿಯಮವಿದೆ, ಲಾಸ್‌ಲೆಸ್ ಜಾಯಿನ್ ಅಂತ. ಒಡೆದ ತುಂಡುಗಳನ್ನು ಮತ್ತೆ ಜೋಡಿಸಿದರೆ ಮೊದಲಿದ್ದದ್ದೇ ಬರಬೇಕು. ಒಂದು ಸಾಲು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನನ್ನ ಮೂರು ಟೇಬಲ್ ಜೋಡಿಸಿದರೆ ಅಪ್ಪನ ಪುಸ್ತಕ ವಾಪಸ್ ಬರುತ್ತಿರಲಿಲ್ಲ. ಅಪ್ಪ ಬಿಟ್ಟುಕೊಟ್ಟ ಆ 6 ರೂಪಾಯಿ ಅದರಲ್ಲಿ ಎಲ್ಲೂ ಇರಲಿಲ್ಲ. ಅದನ್ನೇ ನಾನು 'ತಪ್ಪು ಸರಿಹೋಯಿತು' ಅಂದುಕೊಂಡಿದ್ದು.

ಮರುದಿನ ವ್ಯವಹಾರದ ಟೇಬಲ್ಲಿಗೆ ದರದ ಕಾಲಂ ಸೇರಿಸಿ, ಪುಸ್ತಕ ನೋಡುತ್ತಾ ಒಂದೊಂದೇ ಸಾಲು ಮತ್ತೆ ತುಂಬಿಸಿದೆ. ಸಾಮಾನಿನ ಟೇಬಲ್ಲಿನ ದರವೂ ಉಳಿಯಿತು, ಆದರೆ ಹೊಸ ಸಾಲು ಬರೆಯುವಾಗ ತೋರಿಸಲು ಮಾತ್ರ. ಅಪ್ಪ ಬೇಕಾದರೆ ಬದಲಿಸಬಹುದು. ಹೀಗೆ ಮಾಡುವುದನ್ನು ಡಿನಾರ್ಮಲೈಸೇಶನ್ ಅನ್ನುವವರಿದ್ದಾರೆ. ಅಲ್ಲ. ಆರ್ಡರ್ ಕಳಿಸಿದ ವಿಳಾಸವೂ ಹೀಗೆಯೇ. ಗಿರಾಕಿ ಮನೆ ಬದಲಿಸಿದರೆ ಹೋದ ವರ್ಷ ಕಳಿಸಿದ ಸಾಮಾನು ಹೊಸ ಮನೆಗೆ ಹೋದಂತಾಗುವುದಿಲ್ಲವಲ್ಲ.

ಈಗ ಯಾವುದೇ ಟೇಬಲ್ ಒಡೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾಳೆ ಇಲ್ಲಿ ತಿದ್ದಿದರೆ ನಿನ್ನೆಯದು ಬದಲಾಗಬೇಕಾ, ಬಾರದಾ? ಇದಕ್ಕೆ ಉತ್ತರ ಟೇಬಲ್ಲಿನೊಳಗೆ ಸಿಗುವುದಿಲ್ಲ. ಗಲ್ಲಾದ ಮೇಲೆ ಕೂತವರನ್ನೇ ಕೇಳಬೇಕು.

ಆ ಹುಡುಗನಿಗೆ ನಾಳೆ ಟೀ ಕುಡಿಯುವಾಗ ಹೇಳಬೇಕು. ಅಂದಹಾಗೆ, ನನ್ನ ಪ್ರೋಗ್ರಾಂ ಈಗಲೂ ಅಂಗಡಿಯಲ್ಲಿ ಓಡುತ್ತಿದೆ, ಸರಿಯಾಗಿಯೇ ಲೆಕ್ಕ ಕೊಡುತ್ತಿದೆ. ಗಲ್ಲಾಪೆಟ್ಟಿಗೆಯ ಕೆಳಗೆ ಪುಸ್ತಕವೂ ಇದೆ. ಬರೆಯೋದು ನಿಲ್ಲಿಸು ಅಂತ ಅಪ್ಪನಿಗೆ ನಾನು ಮತ್ತೆ ಹೇಳಿಲ್ಲ.