ಹಳೆಯ ಮೇಳ, ಹೊಸ ಹಾಡು

(ಅಂತಿಮ ಬಿ.ಎ. ವಿದ್ಯಾರ್ಥಿ)

ರಾಕ್ ಸಂಗೀತವೆಂದರೆ ಏನೆಂದು ನಮ್ಮ ಬೀದಿಯಲ್ಲಿ ಯಾರಿಗೂ ತಿಳಿಯದು. ಗದ್ದಲವೆಂದರೆ ಏನೆಂದು ಎಲ್ಲರಿಗೂ ತಿಳಿದಿದೆ. ಇವೆರಡೂ ಒಂದೇ ಎಂಬುದು ನಮ್ಮ ತಾಯಿಯವರ ಸಿದ್ಧಾಂತ. ಜೆ.ಪಿ. ನಗರದಲ್ಲಿ, ಸಾರಕ್ಕಿ ಮಾರುಕಟ್ಟೆಗೆ ಸಮೀಪದ ಓಣಿಯೊಂದರ ಬಾಡಿಗೆ ಮನೆಯಲ್ಲಿ, ಇಂಥ ಸಿದ್ಧಾಂತವನ್ನು ಎದುರಿಸಿ ಆ ಸಂಗೀತವನ್ನು ಕೇಳುವುದು ಸುಲಭವಲ್ಲ. ಆದಕಾರಣ ನಾನು ಅದನ್ನು ಹೆಚ್ಚಾಗಿ ಮೆಟ್ರೋ ರೈಲಿನಲ್ಲಿಯೇ ಕೇಳುತ್ತೇನೆ. ಜಯಪ್ರಕಾಶ ನಗರದ ನಿಲ್ದಾಣದಲ್ಲಿ ಹತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆನೆಂದರೆ, ಕಾಲೇಜು ಮುಟ್ಟುವ ವೇಳೆಗೆ ಅರ್ಧ ಆಲ್ಬಮ್ ಮುಗಿದಿರುತ್ತದೆ. ಉಳಿದರ್ಧ ಸಂಜೆಯ ಪಾಲಿಗೆ.

ಈ ಹುಚ್ಚು ನನಗೆ ಹಿಡಿದ ಬಗೆಯನ್ನು ಹೇಳಬೇಕು. ನಮ್ಮ ತಂದೆ ಗಾರೆ ಕೆಲಸದ ಮೇಸ್ತ್ರಿ. ಪಾವಗಡದ ಕಡೆಯಿಂದ ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಬಂದವರು. ಜೆ.ಪಿ. ನಗರದ ಎಷ್ಟೋ ಮನೆಗಳ ಗೋಡೆಗಳಲ್ಲಿ ಅವರ ಕರಣೆಯ ಗುರುತಿದೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಎರಡನೆಯ ಹಂತದ ಮನೆಯೊಂದರಲ್ಲಿ ರಿಪೇರಿ ನಡೆಯಿತು. ಆ ಮನೆಯ ಯಜಮಾನರು ಹಳೆಯ ಸಾಮಾನುಗಳನ್ನು ಹೊರಗೆ ಹಾಕುವಾಗ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಕ್ಯಾಸೆಟ್ಟುಗಳನ್ನು, "ಮಗನ ಆಟಕ್ಕಾದೀತು, ತೊಗೊಂಡು ಹೋಗಿ ಮೇಸ್ತ್ರಿ," ಎಂದು ಕೊಟ್ಟರಂತೆ. ನಮ್ಮ ಮನೆಯಲ್ಲಿ ಟೇಪ್‌ರೆಕಾರ್ಡರ್ ಇರಲಿಲ್ಲ. ಹೀಗಾಗಿ ನಾನು ಆ ಹಾಡುಗಳನ್ನು ಕೇಳುವ ಮುನ್ನ ಓದಿದೆ. ಹೊದಿಕೆಯ ಒಳಮಡಿಕೆಗಳಲ್ಲಿ ಇರುವೆಯ ಸಾಲಿನಂತೆ ಅಚ್ಚಾಗಿದ್ದ ಇಂಗ್ಲಿಷನ್ನು ನಿಘಂಟು ಹಿಡಿದು ಬಿಡಿಸಿದೆ. ನನ್ನ ಇಂಗ್ಲಿಷ್ ಎಲ್ಲಿಂದ ಬಂತೆಂದು ಒಮ್ಮೆ ಅಧ್ಯಾಪಕರೊಬ್ಬರು ಕೇಳಿದ್ದರು. ಉತ್ತರ ಹೇಳಲು ಆಗ ನಾಚಿಕೆಯಾಗಿತ್ತು. ಈಗ ಹೇಳಿದ್ದೇನೆ.

ಮುಂದೆ ಮನೆಗೆ ಮೊಬೈಲು ಬಂದಿತು. ಓದಿದ್ದ ಹೆಸರುಗಳಿಗೆಲ್ಲ ಧ್ವನಿ ಬಂದಿತು. ಡೀಪ್ ಪರ್ಪಲ್, ಜೂಡಾಸ್ ಪ್ರೀಸ್ಟ್, ಜೆಥ್ರೋ ಟಲ್ - ಎಲ್ಲವೂ ಇಂಗ್ಲೆಂಡಿನ ಮೇಳಗಳು, ಎಲ್ಲವೂ 1960ರ ದಶಕದ ಕೊನೆಯಲ್ಲಿ ಹುಟ್ಟಿದವು. ಗಿಟಾರಿನ ದಪ್ಪ ಧ್ವನಿಯನ್ನೇ ಬೆನ್ನೆಲುಬಾಗಿ ಇಟ್ಟುಕೊಂಡದ್ದು ಹಾರ್ಡ್ ರಾಕ್. ಹಾಡನ್ನು ಮೂರು ನಿಮಿಷಕ್ಕೆ ನಿಲ್ಲಿಸದೆ, ತಾಳ ಬದಲಿಸುತ್ತ, ಕಥೆ ಹೇಳುತ್ತ, ಇಪ್ಪತ್ತು ನಿಮಿಷಗಳವರೆಗೂ ಬೆಳೆಸಬಲ್ಲದ್ದು ಪ್ರೋಗ್ರೆಸಿವ್ ರಾಕ್. ಇಷ್ಟು ತಿಳಿದರೆ ಈ ಲೇಖನಕ್ಕೆ ಸಾಕು. ಇದು ನಮ್ಮ ಊರಿಗೆ ಹೊಸ ಸರಕೇನೂ ಅಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಇಲ್ಲಿಯ ಅರಮನೆ ಮೈದಾನದಲ್ಲಿ ಹಾಡಿ ಹೋಗಿವೆ. ಪೆಟ್ಟಿಗೆ ಕೊಟ್ಟ ಯಜಮಾನರು ಎರಡಕ್ಕೂ ಹೋಗಿದ್ದರಂತೆ. ಮೊದಲನೆಯದರ ಕಾಲಕ್ಕೆ ನಾನು ಕೈಕೂಸು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

2024ರ ಜುಲೈ ತಿಂಗಳಲ್ಲಿ ಡೀಪ್ ಪರ್ಪಲ್ ಮೇಳದ 'ಈಕ್ವಲ್ಸ್ ಒನ್' ಎಂಬ ಹೊಸ ಆಲ್ಬಮ್ ಹೊರಬಂದಿತು. ಅದು ಅವರ ಇಪ್ಪತ್ತಮೂರನೆಯದು. ಗಾಯಕ ಇಯನ್ ಗಿಲ್ಲನ್ ಅವರಿಗೆ ಆಗ ಎಪ್ಪತ್ತೆಂಟು ವರ್ಷ. ನಮ್ಮ ತರಗತಿಯ ಭಿತ್ತಿಪತ್ರಿಕೆಗೆ ನಾನು ಅದರ ವಿಮರ್ಶೆ ಬರೆದೆ. ವಿಮರ್ಶೆ ಎಂದು ಕರೆದರೆ ಆ ಶಬ್ದಕ್ಕೆ ಅನ್ಯಾಯವಾಗುತ್ತದೆ. ರೈಲಿನಲ್ಲಿ ಒಂದು ಸಲ, ಅದೂ ಪೂರ್ತಿಯಲ್ಲ, ಕೇಳಿದ್ದೆ. "ಹಲ್ಲು ಬಿದ್ದ ಮೇಲೂ ಕಬ್ಬು ಜಗಿಯುವ ಆಸೆ" ಎಂದು ಆರಂಭಿಸಿ, "ಈ ತಾತಂದಿರು ಮನೆಯಲ್ಲಿ ಕೂತು ಮೊಮ್ಮಕ್ಕಳನ್ನು ಆಡಿಸುವುದು ಲೇಸು" ಎಂದು ಮುಗಿಸಿದ್ದೆ. ಗೆಳೆಯರು ಬಿದ್ದು ಬಿದ್ದು ನಕ್ಕರು. ಅವರಲ್ಲಿ ಯಾರೊಬ್ಬರೂ ಆ ಹಾಡುಗಳನ್ನು ಕೇಳಿರಲಿಲ್ಲ. ಆದರೇನು, ನಕ್ಕರಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನ್ನ ಬರಹ ಗೋಡೆಯ ಮೇಲೆ ಬಂದಿದೆಯೆಂದು ತಂಗಿ ಸುದ್ದಿ ಮುಟ್ಟಿಸಿದಳು. ರಾತ್ರಿ ಊಟವಾದ ಮೇಲೆ ತಂದೆ, "ಅದೇನೋ ಬರೆದಿದ್ದೀಯಂತಲ್ಲ, ಓದು ನೋಡೋಣ," ಎಂದರು. ಅವರಿಗೆ ಹೆಸರು ಬರೆಯುವಷ್ಟು, ಅಳತೆ ಬರೆಯುವಷ್ಟು ಅಕ್ಷರ ಬರುತ್ತದೆ. ನಾನು ಮೊಬೈಲಿನಲ್ಲಿದ್ದ ಪಟವನ್ನು ನೋಡುತ್ತ ಉತ್ಸಾಹದಿಂದ ಓದಿದೆ. ನಗು ಬರಬೇಕಾದ ಜಾಗಗಳಲ್ಲಿ ಸ್ವಲ್ಪ ನಿಲ್ಲಿಸಿಯೂ ಓದಿದೆ. ಯಾರೂ ನಗಲಿಲ್ಲ. ಎಲ್ಲ ಕೇಳಿ ತಂದೆ ಒಂದೇ ಮಾತು ಕೇಳಿದರು:

"ಅವರ ಕೆಲಸ ಕೆಟ್ಟಿದೆಯೋ, ಇಲ್ಲ ಅವರಿಗೆ ವಯಸ್ಸಾದದ್ದೇ ತಪ್ಪೋ?"

ನಾನು ಎರಡೂ ಎಂದೆ.

"ಗೋಡೆ ಸೊಟ್ಟಗಿದ್ದರೆ ಸೊಟ್ಟ ಅನ್ನು. ಗುಂಡು ಬಿಟ್ಟು ನೋಡು, ರಸಮಟ್ಟ ಇಟ್ಟು ನೋಡು. ಕಟ್ಟಿದವನ ತಲೆಕೂದಲು ಯಾಕೆ ನೋಡ್ತೀಯ?" ಎಂದು ಎದ್ದು ಹೋಗಿ ಮಲಗಿದರು.

ಅವರು ಸಂಗೀತದ ಮಾತನ್ನೇ ಆಡುತ್ತಿದ್ದಾರೆಂದು ನಾನು ತಿಳಿದಿದ್ದೆ. ಮರುದಿನ ಬೆಳಿಗ್ಗೆ ತಾಯಿ ಹೇಳಿದರು. ಪೆಟ್ಟಿಗೆ ಕೊಟ್ಟ ಆ ಮನೆಯ ತಾರಸಿ ಸೋರುತ್ತಿತ್ತು. ಹದಿನೈದು ವರ್ಷಗಳಿಂದ ಆ ಮನೆಯ ಕೆಲಸವೆಲ್ಲ ನಮ್ಮ ತಂದೆಯದೇ. ಆ ವಾರ ಯಜಮಾನರು, "ಮೇಸ್ತ್ರಿ, ನಿಮಗೂ ವಯಸ್ಸಾಯಿತು, ಸುಮ್ಮನೆ ಯಾಕೆ ತೊಂದರೆ," ಎಂದು ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿದ್ದರು. ತಂದೆಗೆ ಆಗ ಐವತ್ತನಾಲ್ಕು ವಯಸ್ಸು. ಗಿಲ್ಲನ್ ಅವರಿಗಿಂತ ಇಪ್ಪತ್ತನಾಲ್ಕು ವರ್ಷ ಚಿಕ್ಕವರು. ಇತ್ತೀಚಿನ ಅವರ ಕೆಲಸದಲ್ಲಿ ಏನು ಕುಂದಿದೆಯೆಂದು ಯಜಮಾನರು ಹೇಳಿರಲಿಲ್ಲ. ಹೇಳಿದ್ದರೆ ತಂದೆ ತಿದ್ದಿಕೊಳ್ಳುತ್ತಿದ್ದರು, ಇಲ್ಲವೆ ವಾದ ಮಾಡುತ್ತಿದ್ದರು. ವಯಸ್ಸಾಯಿತು ಎಂಬ ಮಾತಿಗೆ ಮಾತ್ರ ಉತ್ತರವೇ ಇಲ್ಲ.

ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡೆ. ಯಾವ ಆಲ್ಬಮನ್ನೂ ಮೂರು ಸಲ ಪೂರ್ತಿ ಕೇಳದೆ ಅಭಿಪ್ರಾಯ ಹೇಳಬಾರದು. ತಪ್ಪು ಕಂಡರೆ ಎಲ್ಲಿ ಎಂದು ಬೆರಳಿಟ್ಟು ತೋರಿಸಬೇಕು. ಇನ್ನೊಂದು ವಿಷಯ: ಪಾಪ, ಮುದುಕರು, ಎಂದು ಕನಿಕರದಿಂದ ಹೊಗಳಲೂ ಬಾರದು. ಕನಿಕರವೂ ತಲೆಕೂದಲನ್ನೇ ನೋಡುತ್ತದೆ, ಗೋಡೆಯನ್ನಲ್ಲ.

ಮೊದಲು 'ಈಕ್ವಲ್ಸ್ ಒನ್' ಆಲ್ಬಮನ್ನೇ ಮತ್ತೆ ಕೇಳಿದೆ. ನನಗೆ ನಾಚಿಕೆಯಾಯಿತು. ಮೇಳದಲ್ಲಿ ಹಳಬರ ಜೊತೆಗೆ ಹೊಸ ಕೈಯೊಂದಿದೆ ಎಂಬುದನ್ನೇ ನಾನು ಗಮನಿಸಿರಲಿಲ್ಲ. ಬಹುಕಾಲ ಗಿಟಾರ್ ನುಡಿಸಿದ ಸ್ಟೀವ್ ಮೋರ್ಸ್ ಅವರು ಹೆಂಡತಿಯ ಕಾಯಿಲೆಯ ಕಾರಣ 2022ರಲ್ಲಿ ಮೇಳವನ್ನು ಬಿಟ್ಟರು. ಅವರ ಜಾಗಕ್ಕೆ ಬಂದ ಸೈಮನ್ ಮ್ಯಾಕ್‌ಬ್ರೈಡ್ ಉಳಿದವರಿಗಿಂತ ಸುಮಾರು ಮೂವತ್ತು ವರ್ಷ ಚಿಕ್ಕವರು. ಇವರ ಗಿಟಾರಿಗೂ ಡಾನ್ ಏರಿ ಅವರ ಆರ್ಗನ್ನಿಗೂ ನಡೆಯುವ ಸವಾಲು ಜವಾಬು ಈ ಆಲ್ಬಮಿನ ಜೀವಾಳ. ಗಿಲ್ಲನ್ ಅವರು 1970ರ 'ಚೈಲ್ಡ್ ಇನ್ ಟೈಮ್' ಹಾಡಿನಲ್ಲಿ ಏರಿದ್ದ ಎತ್ತರವನ್ನು ಈಗ ಮುಟ್ಟುವುದಿಲ್ಲ. ಮುಟ್ಟಲು ಹೋಗುವುದೂ ಇಲ್ಲ. ಇರುವ ಧ್ವನಿಯಲ್ಲಿ ಮಾತಿನ ಚುರುಕನ್ನು ಉಳಿಸಿಕೊಂಡು, ತಮಾಷೆಯಾಗಿ ಹಾಡುತ್ತಾರೆ. ಕುಂದು ಇಲ್ಲವೆಂದಲ್ಲ. ಹದಿಮೂರು ಹಾಡುಗಳು ಹೆಚ್ಚಾದವು. ನಡುವಿನ ಮೂರು ನಾಲ್ಕು ಒಂದೇ ಅಚ್ಚಿನ ಇಟ್ಟಿಗೆಗಳಂತಿವೆ. ಕೊನೆಯ 'ಬ್ಲೀಡಿಂಗ್ ಆಬ್ವಿಯಸ್' ಮಾತ್ರ ತಾಳ ಬದಲಿಸುತ್ತ, ತಿರುವು ತೆಗೆದುಕೊಳ್ಳುತ್ತ ಬೆಳೆಯುತ್ತದೆ. ನಾನು ಮೊದಲ ಸಲ ಅದನ್ನು ಕೇಳುವ ಮುನ್ನವೇ ರೈಲಿನಿಂದ ಇಳಿದುಬಿಟ್ಟಿದ್ದೆ!

ಜೂಡಾಸ್ ಪ್ರೀಸ್ಟ್ ಮೇಳದ 'ಇನ್‌ವಿನ್ಸಿಬಲ್ ಶೀಲ್ಡ್' 2024ರ ಮಾರ್ಚ್ ತಿಂಗಳಿನದು. ಗಿಟಾರ್ ವಾದಕ ಗ್ಲೆನ್ ಟಿಪ್ಟನ್ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು 2018ರಲ್ಲಿಯೇ ಎಲ್ಲರಿಗೂ ತಿಳಿದಿತ್ತು. ಕೈ ನಡುಗುವವರಿಗೆ ಗಿಟಾರೇ ಕಸುಬಾದರೆ ಹೇಗಿದ್ದೀತು ಎಂದು ಯೋಚಿಸಿ. ಆದರೂ ಹಾಡು ಕಟ್ಟುವ ಕೆಲಸದಲ್ಲಿ ಅವರು ಪಾಲುದಾರರಾಗಿಯೇ ಉಳಿದಿದ್ದಾರೆ. ಎಪ್ಪತ್ತು ದಾಟಿದ ರಾಬ್ ಹ್ಯಾಲ್‌ಫರ್ಡ್ ಅವರ ಕಂಠ 'ಪ್ಯಾನಿಕ್ ಅಟ್ಯಾಕ್' ಎಂಬ ಮೊದಲ ಹಾಡಿನಲ್ಲೇ ಆಕಾಶಕ್ಕೆ ನೆಗೆಯುತ್ತದೆ. ಇಲ್ಲಿ ನನ್ನ ಆಕ್ಷೇಪ ಬೇರೆ. ಎಲ್ಲವೂ ಅತಿಯಾಗಿ ನುಣುಪು. ಪ್ರತಿಯೊಂದು ವಾದ್ಯವೂ ಮೊದಲಿಂದ ಕೊನೆಯವರೆಗೆ ಒಂದೇ ಜೋರಿನಲ್ಲಿ ಮೊಳಗಿದರೆ ಕಿವಿಗೆ ಜೋರೆಂಬುದೇ ಮರೆತುಹೋಗುತ್ತದೆ. ಮೆತ್ತಗಿನದು ಇದ್ದರಲ್ಲವೆ ಜೋರಿಗೆ ಬೆಲೆ?

ಇವರೆಲ್ಲರಿಗಿಂತ ಕಿರಿಯರಾದ ಅಮೆರಿಕದ ಡ್ರೀಮ್ ಥಿಯೇಟರ್ ಮೇಳದವರು 2025ರ ಫೆಬ್ರವರಿಯಲ್ಲಿ 'ಪ್ಯಾರಾಸೋಮ್ನಿಯಾ' ತಂದರು. ನಿದ್ರೆಯಲ್ಲಿ ಕಾಡುವ ಭಯ, ಭ್ರಮೆಗಳೇ ಅದರ ವಸ್ತು. 2010ರಲ್ಲಿ ಮೇಳವನ್ನು ಬಿಟ್ಟುಹೋಗಿದ್ದ ಡ್ರಮ್ ವಾದಕ ಮೈಕ್ ಪೋರ್ಟ್‌ನಾಯ್ ಅವರು ಹಿಂತಿರುಗಿದ ಮೇಲೆ ಬಂದ ಮೊದಲ ಆಲ್ಬಮ್ ಇದು. ಮುನಿಸಿಕೊಂಡು ಪಾಲಾಗಿದ್ದ ಅಣ್ಣತಮ್ಮಂದಿರು ಮತ್ತೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ ಸಂತೋಷವಾಗುತ್ತದೆ. ಕೈಚಳಕಕ್ಕೆ ಇವರನ್ನು ಮೀರಿಸುವವರು ವಿರಳ. ಆದರೆ ಊಟ ಮುಗಿದ ಮೇಲೂ ಬಡಿಸುತ್ತಲೇ ಇರುವುದು ಇವರ ಹಳೆಯ ಚಾಳಿ; ಅದು ಹೋಗಿಲ್ಲ. ಇಲ್ಲಿ ವಯಸ್ಸಿನ ಮಾತೇ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಆ ಕುಂದು ಅವರ ಯೌವನದಲ್ಲಿಯೂ ಇತ್ತು. ಮುದುಕರ ತಪ್ಪೆಂದು ನಾವು ಬರೆದುಕೊಳ್ಳುವ ಎಷ್ಟೋ ತಪ್ಪುಗಳು ಅವರ ಜೊತೆಯಲ್ಲೇ ಬೆಳೆದುಬಂದವು.

ನಮ್ಮ ಬೆಂಗಳೂರಿನವರೇ ಆದ 'ಅಗಂ' ಮೇಳವನ್ನು ಮರೆಯುವಂತಿಲ್ಲ. 2003ರಲ್ಲಿ ಹುಟ್ಟಿದ ಈ ಮೇಳ ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರೋಗ್ರೆಸಿವ್ ರಾಕ್ ಜೊತೆ ಹೊಸೆಯುತ್ತದೆ. 2012ರಲ್ಲಿ ಮೊದಲ ಆಲ್ಬಮ್, 2017ರಲ್ಲಿ ಎರಡನೆಯದು, ಎಂಟು ವರ್ಷ ಕಾದ ಮೇಲೆ 2025ರಲ್ಲಿ ಮೂರನೆಯದಾದ 'ಅರೈವಲ್ ಆಫ್ ದಿ ಎಥೀರಿಯಲ್'. ಹರೀಶ್ ಶಿವರಾಮಕೃಷ್ಣನ್ ಅವರ ಕಂಠ ಗಮಕವನ್ನು ಬಿಡದೆ ಗಿಟಾರುಗಳ ನಡುವೆ ಈಜಿ ದಡ ಸೇರುವುದನ್ನು ಕೇಳುವುದೇ ಚೆಂದ. ಕೆಲವೆಡೆ ವಾದ್ಯಗಳ ಜನಜಂಗುಳಿಯಲ್ಲಿ ಕೃತಿಯೇ ದಾರಿ ತಪ್ಪಿದ ಮಗುವಿನಂತೆ ಕಾಣುತ್ತದೆ, ಅದೂ ನಿಜ.

ಈ ಮೇಳವನ್ನು ಕೇಳುತ್ತಿದ್ದಾಗಲೇ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಕಚೇರಿಗಳಲ್ಲಿ ತ್ಯಾಗರಾಜರ ಕೃತಿಯನ್ನು ಹಾಡಿದರೆ, "ಇದು ಹಳೆಯದಾಯಿತು," ಎಂದು ಯಾರೂ ಏಳುವುದಿಲ್ಲ. ಈ ದಿನ ಈತ ಹೇಗೆ ಹಾಡಿದ ಎಂದಷ್ಟೇ ನೋಡುತ್ತಾರೆ. ವಯಸ್ಸಾದ ವಿದ್ವಾಂಸರು ಶ್ರುತಿಯನ್ನು ಇಳಿಸಿಕೊಂಡು ಹಾಡಿದರೆ ರಸಿಕರು ಅದನ್ನು ಸೋಲೆನ್ನುವುದಿಲ್ಲ. ಇಳಿದ ಶ್ರುತಿಯಲ್ಲಿ ರಾಗ ನಿಂತಿತೆ ಎಂದು ಕೇಳುತ್ತಾರೆ. ನಮ್ಮಲ್ಲೇ ಇದ್ದ ಈ ಅಳತೆಗೋಲನ್ನು ಬಿಟ್ಟು, ಹಾಡುವವರ ಹುಟ್ಟಿದ ವರ್ಷ ಹಿಡಿದುಕೊಂಡು ಹೊರಟಿದ್ದೆನಲ್ಲ!

ಇದೇ ಅಳತೆಗೋಲಿನಿಂದ ಜೆಥ್ರೋ ಟಲ್ ಮೇಳದ 'ಕ್ಯೂರಿಯಸ್ ರೂಮಿನಂಟ್' ಆಲ್ಬಮನ್ನು ನೋಡಿದೆ. ಅದು ಬಂದದ್ದು 2025ರ ಮಾರ್ಚ್ ತಿಂಗಳಲ್ಲಿ. ಹಾಡುಗಾರ ಇಯನ್ ಆಂಡರ್ಸನ್ ಹುಟ್ಟಿದ್ದು 1947ರಲ್ಲಿ. ರಾಕ್ ಮೇಳದ ನಡುವೆ ನಿಂತು ಕೊಳಲು ನುಡಿಸುವ ಇವರಿಗೆ ಶ್ವಾಸಕೋಶದ ತೊಂದರೆ ಇರುವುದನ್ನು ಅವರೇ 2020ರಲ್ಲಿ ಹೇಳಿದ್ದರು. ಕಂಠ ಕೆಳಗಿಳಿದಿದೆ, ಅರ್ಧ ಹಾಡು, ಅರ್ಧ ಮಾತು. ಎಲ್ಲ ಹಾಡುಗಳಲ್ಲಿಯೂ ಇದೇ ನಡಿಗೆಯಾದ್ದರಿಂದ ಎಡೆಯಲ್ಲಿ ಬೇಸರವಾಗುವುದು ಸುಳ್ಳಲ್ಲ. ಆದರೆ ಹದಿನಾರು ನಿಮಿಷ ಮೀರಿದ 'ಡ್ರಿಂಕ್ ಫ್ರಮ್ ದ ಸೇಮ್ ವೆಲ್' ಹಾಡಿನಲ್ಲಿ ಕೊಳಲು ಮಾತನ್ನೆಲ್ಲ ತಾನೇ ವಹಿಸಿಕೊಳ್ಳುತ್ತದೆ.

ಒಂದು ಭಾನುವಾರ ತಂದೆ ಕೆಲಸವಿಲ್ಲದೆ ಬಾಗಿಲಲ್ಲಿ ಕೂತಿದ್ದರು. ಇಯರ್‌ಫೋನಿನ ಒಂದು ಎಳೆಯನ್ನು ಅವರ ಕಿವಿಗಿಟ್ಟೆ. ಬೇಡವೆನ್ನುತ್ತಾರೆಂದು ತಿಳಿದಿದ್ದೆ, ಅನ್ನಲಿಲ್ಲ. ಬಹಳ ಹೊತ್ತು ಕೇಳಿದರು.

"ಉಸಿರು ಸಾಲದು, ಪಾಪ," ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದೆ ಅವನಿಗೆ," ಎಂದರು.

ನಾನು ಮೂರು ಸಲ ಕೇಳಿ ಬರೆಯಬೇಕೆಂದಿದ್ದ ವಿಮರ್ಶೆಯನ್ನು ಅವರು ಒಂದೇ ಸಲ ಕೇಳಿ ಎರಡು ಮಾತಿನಲ್ಲಿ ಮುಗಿಸಿಬಿಟ್ಟರು. ಕುಂದೂ ಬಂದಿತು, ಗುಣವೂ ಬಂದಿತು. ವಯಸ್ಸನ್ನು ಅವರು ಕೇಳಲೇ ಇಲ್ಲ.

ಎರಡನೆಯ ಹಂತದ ಆ ಮನೆಯಿಂದ ತಂದೆಗೆ ಮತ್ತೆ ಕರೆ ಬಂದಿಲ್ಲ. ತಾರಸಿಯ ಕೆಲಸ ಚೆನ್ನಾಗಿಯೇ ಆಗಿದೆಯಂತೆ. ದಾರಿಯಲ್ಲಿ ಹೋಗುವಾಗ ನೋಡಿದ ತಂದೆಯೇ ಹೇಳಿದರು. "ಹುಡುಗನ ಕೈ ಪರವಾಗಿಲ್ಲ, ಇಳಿಜಾರು ಸರಿಯಾಗಿ ಕೊಟ್ಟಿದ್ದಾನೆ," ಎಂದರು. ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಗಿರಬೇಕೆಂದು ಬಲ್ಲೆ. ಆದರೂ ಹೇಳಿದರು. ವಿಮರ್ಶಕನಾಗಬೇಕೆನ್ನುವ ನನಗೆ ಅಷ್ಟು ಧೈರ್ಯ ಯಾವಾಗ ಬರುವುದೋ ತಿಳಿಯದು.

ಹೋದ ತಿಂಗಳು ಭಿತ್ತಿಪತ್ರಿಕೆಗೆ ಆ ಡೀಪ್ ಪರ್ಪಲ್ ಆಲ್ಬಮಿನ ವಿಮರ್ಶೆಯನ್ನು ಹೊಸದಾಗಿ ಬರೆದುಕೊಟ್ಟೆ. ಹಳೆಯದನ್ನು ಅಡಗಿಸಿಡಲಿಲ್ಲ, ಅದರ ಪ್ರತಿಯನ್ನೂ ಪಕ್ಕದಲ್ಲೇ ಅಂಟಿಸಿದೆ. ಈ ಸಲ ಗೆಳೆಯರು ನಗಲಿಲ್ಲ. ಒಬ್ಬನು ಮಾತ್ರ ಬಂದು, "ಆ ಕೊನೆಯ ಹಾಡಿನ ಹೆಸರೇನು, ಹೇಳು, ಕೇಳಬೇಕು," ಎಂದ.